ಒಂದು ಕೆನ್ನೆ ಹೊಸದು, ಒಂದು ಕೆನ್ನೆ ಹಳೆಯದು

ನಮ್ಮ ಮನೆಯ ಓನರ್ ತೀರಿಕೊಂಡ ದಿನ ಅವರ ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯ ಮೇಲೆ ಎರಡು ದಿನದ ಬಿಳಿ ಗಡ್ಡವಿತ್ತು. ಬಲ ಎಂದರೆ ಅವರ ಬಲ. ಎದುರು ನಿಂತು ನೋಡುವವರ ಬಲವಲ್ಲ. ಇಂಥದ್ದೊಂದು ಸ್ಪಷ್ಟನೆಯನ್ನು ನಾನು ಅವರು ಬದುಕಿದ್ದಾಗಲೇ ಕೊಡಬೇಕಿತ್ತು.

ಹಜಾರದಲ್ಲಿ ಮಲಗಿಸಿದ್ದ ದೇಹವನ್ನು ನೋಡಲು ಬಂದವರು ಕೈಮುಗಿದು, ಮುಖ ನೋಡಿ, ತಬ್ಬಿಬ್ಬಾಗಿ ಪಕ್ಕದವರ ಕಡೆ ತಿರುಗುತ್ತಿದ್ದರು. ಕೊನೆಗೆ ಹಿಂದಿನ ಬೀದಿಯವರೊಬ್ಬರು ಮೆಲ್ಲಗೆ, ಸಲೂನಿನಿಂದ ಯಾರನ್ನಾದರೂ ಕರೆಸಿದರೆ ಐದು ನಿಮಿಷದ ಕೆಲಸ, ಅರ್ಧ ಮುಖದಲ್ಲಿ ಕಳಿಸುವುದು ಚೆನ್ನಾಗಿರುವುದಿಲ್ಲ ಎಂದರು. ಓನರ್ ಅವರ ಹೆಂಡತಿ, ನಾವೆಲ್ಲ ಓನರಮ್ಮ ಎಂದು ಕರೆಯುವವರು, ಬಾಗಿಲ ಮರೆಯಿಂದ ತಮ್ಮ ಭಾವನವರ ಕಡೆ ನೋಡಿದರು. ಓನರ್ ಅವರ ಅಣ್ಣ ಗಾಲಿಕುರ್ಚಿಯಲ್ಲಿ, ಕುತ್ತಿಗೆ ಮುಚ್ಚಿದ ಗಡ್ಡದೊಂದಿಗೆ, ತಮ್ಮನ ತಲೆಯ ಬಳಿ ಕೂತಿದ್ದರು. ಅವರು ಸ್ವಾಧೀನದಲ್ಲಿದ್ದ ಒಂದು ಕೈಯನ್ನು ಎತ್ತಿ "ಇರ್ಲಿ" ಎಂದರು. ಓನರ್ ಹಾಗೆಯೇ ಹೋದರು.

ಕ್ಷೌರ ಮಾಡಿಕೊಳ್ಳುತ್ತಿರುವಾಗಲೇ ಸಾವು ಬಂತೆಂದು ಬೀದಿಯಲ್ಲಿ ಮಾತಾಯಿತು. ಅದು ಸರಿಯಲ್ಲ. ಓನರಮ್ಮ ಹೇಳಿದ ಪ್ರಕಾರ ಅವರು ಬೆಳಗ್ಗೆಯೇ ಒಂದು ಕೆನ್ನೆಯ ಕ್ಷೌರ ಮುಗಿಸಿ, ಮುಖ ತೊಳೆದು, ಪಟಿಕದ ಕಲ್ಲು ಉಜ್ಜಿ, ಬ್ರಷ್ಷನ್ನು ಕೊಡವಿ ಒಣಗಲು ನೇತುಹಾಕಿ, ಮಹಡಿ ಹತ್ತಿ ನನ್ನ ಬಾಗಿಲು ತಟ್ಟಿದ್ದರು. ನಾನು ಇರಲಿಲ್ಲ. ಕಣ್ಣಿನ ಡಾಕ್ಟರನ್ನು ನೋಡಲು ಹೆಬ್ಬಾಳಕ್ಕೆ ಹೋಗಿದ್ದೆ. ಅವರು ಕೆಳಗಿಳಿದು ಊಟ ಮಾಡಿ ಮಲಗಿದವರು ಏಳಲಿಲ್ಲ, ಹೃದಯ ನಿಂತಿತ್ತು. ಆ ಕೆನ್ನೆಗೆ ನಾನು ಕೊಡಬೇಕಿದ್ದ ತೀರ್ಪು ಹಾಗೆಯೇ ಉಳಿದಿದೆ.

ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಸುದ್ದಿ ತಿದ್ದುವುದು, ಫೋಟೊಗಳಿಗೆ ಅಡಿಬರಹ ಬರೆಯುವುದು ನನ್ನ ಕೆಲಸ. ಮಧ್ಯಾಹ್ನದ ಮೇಲೆ ಆಫೀಸಿಗೆ ಹೊರಡುವವನಾದ್ದರಿಂದ ಬೆಳಗಿನ ಹೊತ್ತು ಮನೆಯಲ್ಲಿ ಸಿಗುತ್ತಿದ್ದೆ. ಅಟ್ಟೂರಿನ ಆ ಮನೆಯ ಮೇಲ್ಮಹಡಿಗೆ ನಾನು ಬಾಡಿಗೆಗೆ ಬಂದಾಗ ಓನರ್ ಆಗತಾನೆ ನಿವೃತ್ತರಾಗಿದ್ದರು. ಅಟ್ಟೂರು ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ ಅವರದು. ಹೊಲವೆಲ್ಲ ಲೇಔಟ್ ಆಗಿತ್ತು. ಆದರೆ ಓನರ್ ಚಿಕ್ಕ ವಯಸ್ಸಿನಲ್ಲೇ ಹೊಲ ಬಿಟ್ಟು ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿಗೆ ಸೇರಿದ್ದರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಪಾಸ್ ಅಥವಾ ರಿಜೆಕ್ಟ್ ಎಂದು ಬರೆಯುವ ಇನ್‌ಸ್ಪೆಕ್ಟರ್ ಆಗಿ ಅಲ್ಲಿ ಇಡೀ ಸರ್ವೀಸ್ ಕಳೆದರು. ನಮ್ಮ ಬೀದಿಯಲ್ಲಿ ನಲವತ್ತು ಮನೆಗಳಿದ್ದರೆ ನಲವತ್ತು ಓನರ್‌ಗಳಿದ್ದಾರೆ. ಆದರೂ ಬರಿದೇ ಓನರ್ ಎಂದರೆ ಅವರೊಬ್ಬರೇ. ಅವರು ನನ್ನನ್ನು ಪೇಪರ್‌ನೋರೆ ಎನ್ನುತ್ತಿದ್ದರು. ಪರಸ್ಪರ ಹೆಸರಿನ ಅಗತ್ಯ ಬೀಳಲಿಲ್ಲ.

ಅವರ ಸ್ವಭಾವ ನನಗೆ ಮೊದಲು ತಿಳಿದದ್ದು ಮೋಟರಿನ ಸ್ವಿಚ್ಚಿನಿಂದ. ಮೆಟ್ಟಿಲ ಕೆಳಗೆ ಎರಡು ಸ್ವಿಚ್ಚುಗಳಿದ್ದವು, ಒಂದು ಬೋರ್‌ವೆಲ್‌ನದು, ಒಂದು ಕಾವೇರಿ ನೀರಿನ ಸಂಪಿನದು. ನಾನು ಪದೇ ಪದೇ ತಪ್ಪಾದದ್ದನ್ನು ಒತ್ತುತ್ತಿದ್ದೆ. ಬೇರೆ ಓನರ್ ಆಗಿದ್ದರೆ ಕೂಗಾಡುತ್ತಿದ್ದರು, ಇಲ್ಲವೇ ಚೀಟಿ ಅಂಟಿಸುತ್ತಿದ್ದರು. ಇವರು ಏನೂ ಹೇಳಲಿಲ್ಲ. ಒಂದು ದಿನ ನೋಡಿದರೆ ಬೋರ್‌ವೆಲ್ ಸ್ವಿಚ್ಚಿನ ಮೇಲೆ ತಗಡಿನ ಒಂದು ಸಣ್ಣ ಮುಚ್ಚಳ ಬಂದಿತ್ತು. ಅದನ್ನು ಬೇಕೆಂದೇ ಎತ್ತದೆ ಒತ್ತಲು ಸಾಧ್ಯವಿರಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು ಆ ಮಾತನ್ನೇ ಪಕ್ಕಕ್ಕೆ ಸರಿಸಿದರು.

"ಮನ್ಷ ಅಂದ್ಮೇಲೆ ತಪ್ಪು ಮಾಡೇ ಮಾಡ್ತಾನೆ ಪೇಪರ್‌ನೋರೆ. ಅವನ್ನ ಬೈದು ಏನ್ ಉಪಯೋಗ? ತಪ್ಪು ಮಾಡಕ್ಕೇ ಆಗ್ದಂಗೆ ಜಿಗ್ ಮಾಡ್ಬೇಕು."

ಜಿಗ್ ಎಂದರೆ ಕಾರ್ಖಾನೆಯಲ್ಲಿ ಕೆಲಸದ ವಸ್ತುವನ್ನು ಹಿಡಿದು ಕೂರಿಸುವ ಅಚ್ಚು. ಒಳ್ಳೆಯ ಜಿಗ್ಗಿನಲ್ಲಿ ವಸ್ತು ಒಂದೇ ರೀತಿ ಕೂರುತ್ತದೆ, ಉಲ್ಟಾ ಕೂರಿಸಲು ಹೋದರೆ ಕೂರುವುದೇ ಇಲ್ಲ. ಇದನ್ನು ಅವರು ನನಗೆ ಬೆಂಕಿಪೊಟ್ಟಣ ಹಿಡಿದು ವಿವರಿಸಿದರು.

ಅವರ ಅಣ್ಣನನ್ನು ಬೀದಿಯವರೆಲ್ಲ ದೊಡ್ಡಣ್ಣ ಎನ್ನುತ್ತಾರೆ. ನಾನು ಬಂದ ಹೊಸದರಲ್ಲಿ ದೊಡ್ಡಣ್ಣ ದಿನವೂ ಬೆಳಗ್ಗೆ ಮನೆಯ ಮುಂದಿನ ಜಗಲಿಯ ಮೇಲೆ ಕೂರುತ್ತಿದ್ದರು. ಬಿಳಿ ಅಂಗಿ, ಹೊಳೆಯುವ ಗಲ್ಲ, ತಿರುವಿದ ಮೀಸೆ. ಹಾಲಿನವನಿಂದ ಹಿಡಿದು ಕಾರ್ಪೊರೇಟರ್‌ವರೆಗೆ ಎಲ್ಲರೂ ಅಲ್ಲಿ ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಹಳ್ಳಿಯ ಕಾಲದಿಂದ ಬುಧವಾರ, ಭಾನುವಾರ ಮನೆಗೇ ಬಂದು ಅವರಿಗೆ ಕ್ಷೌರ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಅವರು ತೀರಿಕೊಂಡ ಮರುವರ್ಷ ದೊಡ್ಡಣ್ಣನಿಗೆ ಲಕ್ವ ಹೊಡೆಯಿತು. ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿದವು. ಮುಖದ ಒಂದು ಬದಿ ಜೋತುಬಿತ್ತು. ಮಾತು ತುಂಡು ತುಂಡಾಯಿತು. ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟರು.

ಆಸ್ಪತ್ರೆಯಿಂದ ಬಂದ ಮೇಲೆ ಕ್ಷೌರಕ್ಕೆ ಹೊಸಬನೊಬ್ಬನನ್ನು ಕರೆಸಿದರು. ಅವನ ತಪ್ಪು ಎನ್ನಲಾಗದು, ಜೋತುಬಿದ್ದ ಚರ್ಮ ಕತ್ತಿಯ ಕೆಳಗೆ ಮಡಿಸಿಕೊಂಡಿತು. ದವಡೆಯ ಹತ್ತಿರ ಗೀರಿದ ಸಣ್ಣ ಗಾಯ. ಮಾತ್ರೆಯ ಕಾರಣ ರಕ್ತ ಸಂಜೆಯವರೆಗೆ ನಿಲ್ಲಲಿಲ್ಲ. ಬಿಳಿ ಅಂಗಿಯ ತುಂಬ ರಕ್ತ ಸುರಿಸಿಕೊಂಡು ಜಗಲಿಯ ಮೇಲೆ ಕೂತ ದೊಡ್ಡಣ್ಣನನ್ನು ಇಡೀ ಬೀದಿ ನೋಡಿತು. ಅಂದಿನಿಂದ ಅವರು ಮುಖಕ್ಕೆ ಅಲಗು ಸೋಕಿಸಲು ಬಿಡಲಿಲ್ಲ. ಓನರ್ ಟ್ರಿಮ್ಮರ್ ತಂದುಕೊಟ್ಟರು. ದೊಡ್ಡಣ್ಣ ಅದರ ಗುಂಯ್ ಸದ್ದು ಕೇಳಿ, "ಕುರಿ ಮಿಷಿನ್ನು" ಎಂದು ಮುಖ ತಿರುಗಿಸಿದರು. ಗಡ್ಡ ಬೆಳೆಯಿತು. ಗಡ್ಡದ ಮುಖದಲ್ಲಿ ಜಗಲಿಗೆ ಬರಲು ಅವರು ಒಪ್ಪಲಿಲ್ಲ, ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರುಮಾಡಿದರು. ಅಣ್ಣ ಮತ್ತೆ ಜಗಲಿಗೆ ಬರಬೇಕು, ಒಂದು ತೊಟ್ಟು ರಕ್ತ ಬೀಳದೆ ಅವರ ಗಡ್ಡ ತೆಗೆಯಬೇಕು ಎಂಬುದೊಂದೇ ಓನರ್ ಅವರ ಉಳಿದ ಆಯುಷ್ಯದ ಕೆಲಸವಾಯಿತು.

ಮೊದಲು ಬಂದದ್ದು ಬ್ರಷ್ಷುಗಳು. ಗಡ್ಡ ಚೆನ್ನಾಗಿ ನೆನೆದರೆ ಅಲಗಿಗೆ ಅರ್ಧ ಕೆಲಸ ಕಡಿಮೆ ಎಂಬುದು ಅವರ ಲೆಕ್ಕ. ಅಂಗಡಿಯ ಬ್ರಷ್ಷು ಅಣ್ಣನ ಚರ್ಮಕ್ಕೆ ಒರಟು. ಯಲಹಂಕದ ಮಟನ್ ಅಂಗಡಿಯಿಂದ ಮೇಕೆಯ ಕೂದಲು ತಂದರು. ಹೆಸರಘಟ್ಟದ ಹೈನುಗಾರ ಸ್ನೇಹಿತರೊಬ್ಬರಿಂದ ಹಸುವಿನ ಬಾಲದ ಕೂದಲು ತಂದರು, ಸೋಡಾ ಹಾಕಿ ಕುದಿಸಿ, ದಾರ ಬಿಗಿದು, ಮುರಿದ ಲಟ್ಟಣಿಗೆಯ ಹಿಡಿಗೆ ಅಂಟಿಸಿದರು. ಒಣಗಿದ್ದಾಗ ಅದು ಬಹಳ ಸೊಗಸಾಗಿತ್ತು. ಒದ್ದೆಯಾದೊಡನೆ ಮನೆಯೆಲ್ಲ ಕೊಟ್ಟಿಗೆಯ ವಾಸನೆ. ಮದುವೆಯ ದಿನವೂ ಕನ್ನಡಿಯ ಮುಂದೆ ಇಷ್ಟು ಹೊತ್ತು ನಿಲ್ಲದ ಮನುಷ್ಯ ಈಗ ಹಸುವಿನ ಬಾಲದಿಂದ ಮುಖ ತೊಳೆಯುತ್ತಿದ್ದಾನೆ ಎಂದು ಓನರಮ್ಮ ಮೆಟ್ಟಿಲ ಮೇಲೆ ಸಿಕ್ಕಿದಾಗ ನನಗೆ ವರದಿ ಒಪ್ಪಿಸಿದರು. ಅಡುಗೆಮನೆಯ ಹರಳೆಣ್ಣೆ ಖಾಲಿಯಾಗುತ್ತಿರುವುದನ್ನೂ ಸೇರಿಸಿದರು.

ಹರಳೆಣ್ಣೆ ಸೋಪಿಗೆ ಹೋಗುತ್ತಿತ್ತು. ಹೊಂಗೆಎಣ್ಣೆಯದೊಂದು ಸೋಪು, ಹರಳೆಣ್ಣೆಯದೊಂದು, ಲೋಳೆಸರ ಸೇರಿಸಿದ್ದೊಂದು, ದಾಸವಾಳದ ಎಲೆ ಅರೆದು ಮಾಡಿದ ಹಸಿರು ಲೋಳೆಯೊಂದು. ಅಂಟುವಾಳದ ಕಾಯಿಯ ನೊರೆ ಕಣ್ಣಿಗೆ ಹೋಗಿ ಎರಡು ದಿನ ಕಪ್ಪು ಕನ್ನಡಕ ಹಾಕಿಕೊಂಡು ತಿರುಗಿದರು. ನೊರೆಗೆ ನೀರೂ ಮುಖ್ಯ. ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ನೊರೆ ಏಳುತ್ತಿರಲಿಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರು ಮಳೆನೀರಿನಷ್ಟೇ ಮೃದು ಎಂದು ಯಾರೋ ಹೇಳಿದ್ದೇ ತಡ, ಮುಖ್ಯರಸ್ತೆಯ ಎಟಿಎಮ್ಮಿನ ಹಿಂದೆ ಏಸಿ ಕೊಳವೆಯ ಕೆಳಗೆ ಕ್ಯಾನ್ ಇಟ್ಟರು. ಸೆಕ್ಯುರಿಟಿಯವನು ಹೌಹಾರಿ ಬ್ಯಾಂಕಿನವರನ್ನು ಕರೆಸಿದ. ಓನರ್ ಅಲ್ಲೇ ಬಟ್ಟಲು ತೆಗೆದು ನೊರೆ ಎಬ್ಬಿಸಿ ತೋರಿಸಿದರು. ಆಮೇಲೆ ಕ್ಯಾನ್ ತುಂಬಿದಾಗಲೆಲ್ಲ ಆ ಸೆಕ್ಯುರಿಟಿಯವನೇ ಫೋನ್ ಮಾಡುತ್ತಿದ್ದ.

ರೇಜರುಗಳ ಕಥೆ ಬೇರೆ. ಬ್ಯಾಟರಾಯನಪುರದ ಗುಜರಿ ಅಂಗಡಿಯಲ್ಲಿ ಹಳೆಯ ಹಿತ್ತಾಳೆಯ ರೇಜರೊಂದು ಸಿಕ್ಕಿತ್ತು. ಹಿಡಿ ತಿರುಗಿಸಿದರೆ ಮೇಲಿನ ಎರಡು ರೆಕ್ಕೆ ತೆರೆದುಕೊಂಡು ಬ್ಲೇಡಿಗೆ ಜಾಗ ಮಾಡಿಕೊಡುವಂಥದು. ಬ್ಲೇಡಿನ ಅಂಚು ಎಷ್ಟು ಹೊರಗೆ ಚಾಚಿದೆ ಎಂಬುದರ ಮೇಲೆ ಕೊಯ್ಯುವುದು, ಕೊಯ್ಯದಿರುವುದು ನಿಂತಿದೆಯಂತೆ. ಅವರು ಫೀಲರ್ ಗೇಜಿನ, ಎಂದರೆ ಕೂದಲೆಳೆಯಷ್ಟು ತೆಳುವಾದ ಉಕ್ಕಿನ ಪಟ್ಟಿಗಳ, ಸಹಾಯದಿಂದ ಅದನ್ನು ಅಳೆಯುತ್ತಿದ್ದರು. ಕೂಲ್‌ಡ್ರಿಂಕ್ ಡಬ್ಬಿಯ ತಗಡು ಕತ್ತರಿಸಿ ಬ್ಲೇಡಿನ ಕೆಳಗಿಟ್ಟು, ಅಂಗುಲದ ಸಾವಿರದಲ್ಲಿ ಒಂದು ಭಾಗ, ಎರಡು ಭಾಗ ಎಂದು ಏರಿಸಿ ಇಳಿಸುತ್ತಿದ್ದರು. ಪೀಣ್ಯದ ಹಳೆಯ ಸಹೋದ್ಯೋಗಿಯ ಲೇತಿನಲ್ಲಿ ಹಿತ್ತಾಳೆಯ ಸರಳು ಕಡೆದು ತಾವೇ ಮೂರು ರೇಜರು ಮಾಡಿದರು.

ಇಷ್ಟೆಲ್ಲವನ್ನೂ ಅವರು ಅಣ್ಣನ ಮೇಲೆ ಪ್ರಯೋಗಿಸುವಂತಿರಲಿಲ್ಲ. ಆದ್ದರಿಂದ ತಮ್ಮ ಮುಖವನ್ನೇ ಬಳಸಿದರು. ಪ್ರತಿ ಸಲ ಒಂದು ಕೆನ್ನೆಗೆ ಹೊಸ ಸಾಮಾನು, ಇನ್ನೊಂದು ಕೆನ್ನೆಗೆ ಅದುವರೆಗೆ ಗೆದ್ದ ಹಳೆಯ ಸಾಮಾನು. ಯಾವುದು ಮೇಲು ಎಂದು ತಾವೇ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ. ಮಾಡಿದವನೇ ಇನ್‌ಸ್ಪೆಕ್ಷನ್ ಮಾಡಬಾರದು ಎಂಬುದು ಅವರ ಟೂಲ್ ರೂಮಿನ ಮೊದಲ ನಿಯಮ. ತಾನು ಮಾಡಿದ ವಸ್ತುವಿನ ಬಗ್ಗೆ ಯಾರಿಗೂ ಕಣ್ಣು ನೆಟ್ಟಗಿರುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಹಡಿ ಹತ್ತಿ ಬಂದು, ಬಾಗಿಲಲ್ಲಿ ನಿಂತು, ನನ್ನ ಮುಂದೆ ಮುಖ ಚಾಚಿದರು.

ನಾನು ಹಿಂಜರಿದೆ. ಗಂಡಸಿನ ಕೆನ್ನೆ ಮುಟ್ಟಿ ನೋಡುವುದು ನನಗೆ ರೂಢಿ ಇರಲಿಲ್ಲ.

"ಹೆಣ್ಣು ನೋಡಕ್ಕೆ ಬಂದೋರಂಗೆ ನಾಚ್ಕೊಬ್ಯಾಡಿ ಪೇಪರ್‌ನೋರೆ. ಮುಟ್ಟಿ ನೋಡಿ, ಯಾವ್ದು ನುಣ್ಣಗೈತೆ ಅನ್ನಿ. ಯಾವ್ದು ಹೊಸಾದು ಅಂತ ಕೇಳ್ಬ್ಯಾಡಿ."

ಬೆರಳ ಹಿಂಬದಿಯಿಂದ ಎರಡೂ ಕೆನ್ನೆ ಸವರಿದೆ. ಒಂದರಲ್ಲಿ ಸಣ್ಣ ತರಕು, ಕೆಂಪು ಚುಕ್ಕೆಗಳು. ಇನ್ನೊಂದು ಮಾಗಿದ ಹಣ್ಣಿನ ಸಿಪ್ಪೆಯ ಹಾಗಿತ್ತು. ಎಷ್ಟು ಕಡಿಮೆ ಮಾತೋ ಅಷ್ಟು ಒಳ್ಳೆಯದೆಂದು, ಕೈ ಹಿಂದಕ್ಕೆ ಕಟ್ಟಿಕೊಂಡು, "ಎಡ" ಎಂದೆ. ಅವರು ಜೇಬಿನಿಂದ ನೋಟ್‌ಪುಸ್ತಕ ತೆಗೆದು ಬರೆದುಕೊಂಡು ಇಳಿದುಹೋದರು. ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ನಾನು ಪ್ರತಿ ಸಲವೂ ಒಂದೇ ಒಂದು ಪದ ಹೇಳುತ್ತಿದ್ದೆ, ಅದೂ ಯಾವ ದಾಕ್ಷಿಣ್ಯವಿಲ್ಲದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಕೊನೆಗೆ ಗೆದ್ದ ಸಾಮಾನು ಇದು ಎಂದು ಅವರು ತೋರಿಸಿದಾಗ ನನಗೆ ಅಚ್ಚರಿಯಾಯಿತು. ಅಗಲ ಬಾಯಿಯ, ಎಂದರೆ ಅಲಗು ಹೆಚ್ಚು ಹೊರಚಾಚಿದ ರೇಜರು, ಹೊಂಗೆಎಣ್ಣೆಯ ಸೋಪು. ಅವರಿಗೂ ಗೊಂದಲವಿದ್ದಂತೆ ಕಂಡಿತು. ರೇಜರನ್ನು ಹಾಗೂ ಹೀಗೂ ತಿರುಗಿಸಿ ನೋಡಿ, ಇನ್‌ಸ್ಪೆಕ್ಷನ್ ಆದ ಮೇಲೆ ಆಯಿತು, ಅದರ ಮೇಲೆ ಮಾತಿಲ್ಲ ಎಂದರು.

ಅಣ್ಣನನ್ನು ಒಪ್ಪಿಸಲು ಅವರಿಗೆ ಇನ್ನೊಂದು ತಿಂಗಳು ಹಿಡಿಯಿತು. ಒಪ್ಪಿಸಿದ ಮಾತು ನನ್ನೆದುರಿಗೇ ಆಡಿದ್ದು: "ಒಂದೇ ಒಂದ್ ತೊಟ್ಟು ಬಂದ್ರೂ ಇನ್ ಯಾವತ್ತೂ ನಿನ್ನ ಕೇಳಾಕಿಲ್ಲ ಅಣ್ಣ. ಇದು ನನ್ ಮಾತು." ದೊಡ್ಡಣ್ಣ ಗೋಡೆ ನೋಡುತ್ತಲೇ ಹ್ಞೂಂ ಎಂದರು.

ಬುಧವಾರ ಬೆಳಗ್ಗೆ ಗಾಲಿಕುರ್ಚಿ ಜಗಲಿಗೆ ಬಂತು. ಕತ್ತರಿಯಿಂದ ಗಡ್ಡದ ಉದ್ದ ತೆಗೆದು, ಏಸಿ ನೀರಿನ ನೊರೆ ಹಚ್ಚಿ, ಓನರ್ ಅಣ್ಣನ ಜೋತ ಕೆನ್ನೆಯನ್ನು ಎರಡು ಬೆರಳಿನಿಂದ ಮೇಲಕ್ಕೆಳೆದು ಹಿಡಿದರು. ಮೂರನೆಯ ಎಳೆತಕ್ಕೆ ನೊರೆಯಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಕಾಣಿಸಿತು. ಆಮೇಲೆ ಅದು ಕೆಂಪಾಯಿತು. ಪಟಿಕ ಒತ್ತಿದರು, ಹತ್ತಿ ಒತ್ತಿದರು. ದೊಡ್ಡಣ್ಣ ಬೈಯಲಿಲ್ಲ. ಕೈಯಾಡಿಸಿ ಒಳಗೆ ಎಂದು ತೋರಿಸಿದರು. ಓನರ್ ಕುರ್ಚಿ ತಳ್ಳಿಕೊಂಡು ಒಳಗೆ ಹೋದರು. ಅಂದು ಅವರ ನೋಟ್‌ಪುಸ್ತಕದಲ್ಲಿ ಬರೆದದ್ದು ಒಂದೇ ಪದ ಎಂದು ನನಗೆ ಈಗ ಗೊತ್ತಾಗಿದೆ: ರಿಜೆಕ್ಟ್.

ಇದಾದ ಕೆಲವು ವಾರಕ್ಕೆ ನನ್ನ ಆಫೀಸಿನಲ್ಲಿ ಒಂದು ಎಡವಟ್ಟಾಯಿತು. ಒಂದು ಸಮಾರಂಭದ ಫೋಟೊದಲ್ಲಿ ಇಬ್ಬರ ಹೆಸರು ಅದಲುಬದಲಾಗಿ ಅಚ್ಚಾಗಿ, ಇಬ್ಬರೂ ಫೋನ್ ಮಾಡಿ ಬೈದಿದ್ದರು. ಮರುದಿನ ಕಾಫಿ ಕುಡಿಯುತ್ತ ಅದನ್ನು ಓನರ್ ಮುಂದೆ ತಮಾಷೆಯಾಗಿ ಹೇಳಿದೆ. ಹೊಸದಾಗಿ ಸೇರಿದವರು ಅಡಿಬರಹದಲ್ಲಿ 'ಎಡದಿಂದ' ಎಂದರೆ ಫೋಟೊದಲ್ಲಿರುವವರ ಎಡ ಎಂದುಕೊಳ್ಳುತ್ತಾರೆ, ನಮಗೆ ಯಾವಾಗಲೂ ನೋಡುವವರ ಎಡ, ಅಷ್ಟು ವರ್ಷದಿಂದ ಅದೇ ರೂಢಿ, ಈಗ ಬೀದಿಯಲ್ಲಿ ಯಾರಾದರೂ ಎದುರು ನಿಂತರೂ ಹಾಗೆಯೇ ಅನ್ನಿಸುತ್ತದೆ ಎಂದೆ.

ಓನರ್ ಲೋಟ ಕೆಳಗಿಟ್ಟರು. "ನೋಡೋರ ಎಡನಾ?"

"ನೋಡುವವರ ಎಡವೇ."

"ಯಾವಾಗ್ಲೂ?"

"ಯಾವಾಗಲೂ."

ಅವರು ನಕ್ಕರು. ನಗು ನಿಲ್ಲಲು ಸ್ವಲ್ಪ ಹೊತ್ತಾಯಿತು. ಫೋಟೊದ ಎಡವಟ್ಟಿಗೆ ನಗುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. ಅವರು ಕಾಫಿ ಮುಗಿಸಿ, ಬಾಗಿಲಲ್ಲಿ ಒಮ್ಮೆ ನಿಂತು, ಏನೋ ಹೇಳಲು ಹೋಗಿ ಬಿಟ್ಟು, ಇಳಿದುಹೋದರು.

ಮುಂದಿನ ವಾರ ಅರ್ಧ ಮುಖದ ಕ್ಷೌರ ಮಾಡಿಕೊಂಡು ಬಂದರು. ಒಂದು ಕೆನ್ನೆ ಬೋಳು, ಒಂದು ಕೆನ್ನೆ ಗಡ್ಡ. ಇನ್ನು ಮೇಲೆ ಹೋಲಿಕೆ ಬೇಡ, ಬೋಳಾಗಿರುವ ಕೆನ್ನೆಗೆ ಹತ್ತಕ್ಕೆ ಎಷ್ಟು ಅಂಕ ಎಂದು ಹೇಳಿದರೆ ಸಾಕು ಎಂದರು. ನಾನು ಏಳು ಎಂದೆ. ಎರಡು ದಿನ ಬಿಟ್ಟು ಇನ್ನೊಂದು ಕೆನ್ನೆ ಬೋಳಾಗಿ, ಈ ಕೆನ್ನೆಯಲ್ಲಿ ಗಡ್ಡ ಮೊಳೆತಿತ್ತು. ಸೋಲಿನಿಂದ ಇವರ ತಲೆ ಸ್ವಲ್ಪ ಕೆಟ್ಟಿತು ಎಂದೇ ನಾನು ಭಾವಿಸಿದೆ. ಅಣ್ಣನನ್ನು ಇನ್ನು ಕೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಈ ಪರೀಕ್ಷೆ ಯಾರಿಗಾಗಿ ಎಂಬುದೂ ಅರ್ಥವಾಗಲಿಲ್ಲ. ಕೇಳಿದೆ. ಕೈ ಸುಮ್ಮನಿರುವುದಿಲ್ಲ ಎಂದಷ್ಟೇ ಹೇಳಿದರು.

ಅರ್ಧ ಮುಖದಲ್ಲೇ ಅವರು ಎಲ್ಲ ಕಡೆ ಹೋಗುತ್ತಿದ್ದರು. ಹಾಲಿಗೆ, ತರಕಾರಿಗೆ, ಮದುವೆಗೆ, ಒಮ್ಮೆ ವಾರ್ಡ್ ಸಭೆಗೆ. ಬೇಕರಿಯ ಮುಂದೆ ಟೀ ಕುಡಿಯುವವರಿಗೆ ಅವರು ದಿನದ ಮನರಂಜನೆಯಾದರು.

"ಏನ್ ಓನರೇ, ಇನ್ನರ್ಧ ಮುಂದಿನ್ ಕಂತಲ್ಲಾ?"

"ಟೆಸ್ಟಿಂಗ್ ಕಣ್ರಪ್ಪಾ, ಟೆಸ್ಟಿಂಗ್."

"ಪಾಸಾದ್ರೆ ಹೇಳು ಗುರು, ನಮ್ಗೂ ಅರ್ಧ ಮಾಡ್ವಂತೆ."

ಅವರು ಟೀ ಮುಗಿಸಿ, ಕೈಬೀಸಿ ಬರುತ್ತಿದ್ದರು. ಓನರಮ್ಮ ಮಾತ್ರ, ಸಂಬಂಧಿಕರ ಮುಂದೆ ತಲೆ ಎತ್ತಲಾಗುತ್ತಿಲ್ಲ, ನೀವಾದರೂ ಬುದ್ಧಿ ಹೇಳಿ ಎಂದು ನನ್ನ ಬಳಿ ಎರಡು ಸಲ ಕೇಳಿಕೊಂಡರು. ನಾನು ಅಂಕ ಕೊಡುತ್ತಲೇ ಹೋದೆ. ಅಂಕಗಳು ಏಳರಿಂದ ಎಂಟಕ್ಕೆ, ಎಂಟರಿಂದ ಒಂಬತ್ತಕ್ಕೆ ಏರಿದವು. ಹತ್ತನ್ನು ನಾನು ಒಮ್ಮೆಯೂ ಕೊಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಓನರಮ್ಮ ನನ್ನನ್ನು ಕೆಳಗೆ ಕರೆದು ನೋಟ್‌ಪುಸ್ತಕ ಕೈಗಿಟ್ಟರು. "ಎಲ್ಲಾ ಕಡೆ ನಿಮ್ದೇ ಬರ್ದವ್ರೆ. ನಂಗೆ ಇದ್ನ ಇಟ್ಕೊಂಡು ಏನಾಗ್ಬೇಕು?"

ಮೆಟ್ಟಿಲ ಮೇಲೆ ಕೂತು ತೆರೆದೆ. ಪ್ರತಿ ಪುಟದಲ್ಲೂ ಟೂಲ್ ರೂಮಿನ ಅಚ್ಚುಕಟ್ಟು. ಒಂದು ಕಡೆ ಎಡಗೆನ್ನೆಯ ಸಾಮಾನು, ಒಂದು ಕಡೆ ಬಲಗೆನ್ನೆಯ ಸಾಮಾನು, ಮುಂದೆ 'ಪೇಪರ್‌ನೋರು' ಎಂಬ ಕಾಲಂ. ಅದರಲ್ಲಿ ನನ್ನ ತೀರ್ಪು. ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಸಾಲು ಇತ್ತು. ನಾನು 'ಎಡ' ಎಂದ ಕಡೆ ಅಲ್ಲಿ 'ನಂಗೆ ಬಲ' ಎಂದಿತ್ತು. ನಾನು 'ಬಲ' ಎಂದ ಕಡೆ 'ನಂಗೆ ಎಡ'. ಪ್ರತಿಯೊಂದನ್ನೂ ಅವರೇ ಒಂದು ಗೆರೆ ಎಳೆದು ಹೊಡೆದುಹಾಕಿದ್ದರು. ಹದಿನಾಲ್ಕು ತಿಂಗಳ ಕಾಲ ಅವರ ಚರ್ಮ ಅವರಿಗೆ ಸರಿಯಾದದ್ದನ್ನೇ ಹೇಳಿತ್ತು. ಮಾಡಿದವನೇ ಇನ್‌ಸ್ಪೆಕ್ಷನ್ ಮಾಡಬಾರದೆಂದು ಅವರು ಅದನ್ನು ನಂಬದೆ, ನನ್ನನ್ನು ನಂಬಿದ್ದರು. ನಾನು ಎದುರು ನಿಂತು, ಫೋಟೊ ನೋಡುವವನ ಹಾಗೆ, ನನ್ನ ಎಡವನ್ನು ಹೇಳುತ್ತಿದ್ದೆ. ಅದು ಅವರ ಬಲ. ಪ್ರತಿ ಸಲವೂ ಒಳ್ಳೆಯ ಸಾಮಾನು ಹೊರಗೆ ಹೋಗಿ ಕೆಟ್ಟದ್ದು ಒಳಗೆ ಉಳಿದಿತ್ತು. ಎಲ್ಲಕ್ಕಿಂತ ಕೆಟ್ಟದ್ದು ದೊಡ್ಡಣ್ಣನ ಮುಖದ ಮೇಲೆ ಹೋಗಿತ್ತು.

ಕಾಫಿಯ ದಿನದ ನಂತರದ ಪುಟಗಳಲ್ಲಿ ಎಡ ಇಲ್ಲ, ಬಲ ಇಲ್ಲ. ಒಂದೇ ಕಾಲಂ, ಅಂಕ ಮಾತ್ರ. ಬೋಳಾದ ಕೆನ್ನೆ ಒಂದೇ ಇದ್ದರೆ ನಾನು ಎಲ್ಲಿ ನಿಂತು ನೋಡಿದರೂ, ಹೇಗೆ ಹೇಳಿದರೂ ತಪ್ಪಾಗುವಂತಿರಲಿಲ್ಲ.

ನನಗೆ ಅರ್ಥವಾಗದೆ ಉಳಿದಿರುವುದು ಇದೇ. ನಿಮ್ಮ ಎಡ ನನಗೆ ಬಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದರ ಬದಲು ಅವರು ತಿಂಗಳುಗಟ್ಟಲೆ ಅರ್ಧ ಮುಖ ಹೊತ್ತು ಬೀದಿ ತಿರುಗಿದರು. ನನ್ನ ಮೇಲಿನ ಕರುಣೆಯಿಂದಲೋ, ಅಥವಾ ಬರೀ ಕಸುಬಿನ ರೂಢಿಯಿಂದಲೋ? ಮುಚ್ಚಳ ಹಾಕಿದ ಸ್ವಿಚ್ಚಿನ ಹಾಗೆ ನನ್ನನ್ನೂ ಜಿಗ್ಗಿಗೆ ಕೂರಿಸಿದರೋ? ಎರಡಕ್ಕೂ ನನ್ನಲ್ಲಿ ಪುರಾವೆ ಇದೆ, ಯಾವುದಕ್ಕೂ ಸಾಕಾಗುವಷ್ಟಿಲ್ಲ.

ಪುಸ್ತಕ ಹಿಡಿದು ನಡುಮನೆಗೆ ಹೋದೆ. ದೊಡ್ಡಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಆ ದಿನ ರಕ್ತ ಬಂದದ್ದು ಓನರ್ ತಪ್ಪಲ್ಲ, ನನ್ನದು ಎಂದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಕೇಳಿಸಿಕೊಂಡರು.

"ಗೊತ್ತು," ಎಂದರು. "ಅವ್ನೇ ಏಳ್ದ. ನಿಮ್ಗೆ... ಏಳ್ಬ್ಯಾಡ ಅಂದ."

ಮುಂದೆ ತುಂಡು ತುಂಡಾಗಿ ಹೇಳಿದ್ದನ್ನು ಜೋಡಿಸಿದರೆ ಇಷ್ಟು. ಇನ್ನು ಕೇಳುವುದಿಲ್ಲ ಎಂದು ಮಾತು ಕೊಟ್ಟವನು ತಮ್ಮ, ಅವನಾಗಿ ಕೇಳುವವನಲ್ಲ. ಕ್ಷೌರ ಮಾಡು ಎಂದು ತಾವೇ ಕೇಳಬೇಕಿತ್ತು. ಇವತ್ತು ಕೇಳೋಣ, ನಾಳೆ ಕೇಳೋಣ ಎಂದುಕೊಳ್ಳುತ್ತಿದ್ದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ನೀವೇ ಮಾಡಿ," ಎಂದರು.

ನನಗೆ ಬರುವುದಿಲ್ಲ ಎಂದೆ. ಬೇರೆಯವರ ಮುಖಕ್ಕೆ ನಾನು ಎಂದೂ ಅಲಗು ಹಿಡಿದವನಲ್ಲ, ರಕ್ತ ಬಂದರೆ ಏನು ಗತಿ ಎಂದೆ.

"ಅದ್ರಾಗೆ ಐತೆ," ಎಂದು ಪುಸ್ತಕ ತೋರಿಸಿದರು.

ಕೊನೆಯ ಪುಟದಲ್ಲಿ ಎಲ್ಲವೂ ಇತ್ತು. ಹರಳೆಣ್ಣೆಯ ಸೋಪು, ಮೇಕೆಕೂದಲಿನ ಬ್ರಷ್ಷು, ಏಸಿ ನೀರು, ಬಿಸಿ ಬಟ್ಟೆ ಎಷ್ಟು ನಿಮಿಷ, ಯಾವ ರೇಜರು. ಆ ರೇಜರನ್ನು ಪೆಟ್ಟಿಗೆಯಿಂದ ತೆಗೆದೆ. ಹಿತ್ತಾಳೆಯದು, ಭಾರವಾಗಿತ್ತು. ಅದರ ತಲೆಯ ಮುಂದೆ ಬೆಣ್ಣೆ ಸವರಿದಂತೆ ನಯ ಮಾಡಿದ ಒಂದು ಸಣ್ಣ ಅಡ್ಡಪಟ್ಟಿ ಇತ್ತು. ನನ್ನ ಕೆನ್ನೆಯ ಮೇಲಿಟ್ಟು ನೋಡಿದೆ. ಹೆಚ್ಚು ಓರೆ ಮಾಡಿದರೆ ಅಡ್ಡಪಟ್ಟಿ ಎತ್ತಿಹಿಡಿಯುತ್ತಿತ್ತು, ಕಡಿಮೆ ಮಾಡಿದರೆ ಅಲಗು ಸೋಕುತ್ತಲೇ ಇರಲಿಲ್ಲ. ಅದು ಒಂದೇ ರೀತಿ ಕೂರುತ್ತಿತ್ತು. ಪಳಗಿದ ಕೈಗೆ ಇಂಥದ್ದು ಬೇಕಿಲ್ಲ, ಓನರ್ ಕೈ ಪಳಗಿತ್ತು. ಇದನ್ನು ಅವರು ಯಾರ ಕೈಗೆಂದು ಮಾಡಿದರು ಎಂಬುದು ಪುಸ್ತಕದಲ್ಲಿ ಇಲ್ಲ. ತಮ್ಮ ಹೃದಯದ ಬಗ್ಗೆ ಅವರಿಗೆ ಏನಾದರೂ ಗೊತ್ತಿತ್ತೇ ಎಂದು ಓನರಮ್ಮನನ್ನು ಕೇಳಿದೆ. ತಮಗೆ ಹೇಳಿರಲಿಲ್ಲ ಎಂದರು.

ಕತ್ತರಿಯ ಕೆಲಸವನ್ನು ಮೊದಲು ಮುಗಿಸಿದೆ. ನಂತರ ಪುಟದಲ್ಲಿದ್ದಂತೆ ಒಂದೊಂದೇ ಸಾಲು. ನನ್ನ ಪಳಗದ ಕೈಯ ತಪ್ಪು ಅಲಗಿನವರೆಗೆ ಹೋಗುತ್ತಿರಲಿಲ್ಲ, ಅಡ್ಡಪಟ್ಟಿಯಲ್ಲೇ ನಿಲ್ಲುತ್ತಿತ್ತು. ಮೂರನೆಯ ಎಳೆತಕ್ಕೆ ನಾನು ನಿಂತು ನೊರೆಯನ್ನು ನೋಡಿದೆ. ಬಿಳಿಯಾಗಿತ್ತು. ದೊಡ್ಡಣ್ಣ ಕಣ್ಣು ಮುಚ್ಚಿದ್ದರು. ಜೋತ ಕೆನ್ನೆಗೆ ಬಂದಾಗ ಅವರೇ ಸ್ವಾಧೀನವಿದ್ದ ಕೈಯಿಂದ ಚರ್ಮವನ್ನು ಎಳೆದು ಹಿಡಿದುಕೊಟ್ಟರು. ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಕುತ್ತಿಗೆಯ ಸುತ್ತ ಹೊದಿಸಿದ್ದ ಬಿಳಿ ಟವೆಲ್ಲನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ.

ಕುರ್ಚಿಯನ್ನು ಜಗಲಿಗೆ ತಳ್ಳಿದೆ. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಮೀಸೆಯನ್ನು ನಾನು ಮುಟ್ಟಿರಲಿಲ್ಲ, ದೊಡ್ಡಣ್ಣ ಅದರ ಒಂದು ತುದಿಯನ್ನು ತಾವೇ ತಿರುವಿಕೊಂಡರು. ಬಹಳ ದಿನದ ಮೇಲೆ ಬಿಸಿಲು ಕಂಡ ಕೆನ್ನೆಗಳು ಮಿಕ್ಕ ಮುಖಕ್ಕಿಂತ ಬೆಳ್ಳಗಿದ್ದವು. ಪಾಸೋ ರಿಜೆಕ್ಟೋ ಹೇಳುವವನು ನಾನಾಗುವಂತಿರಲಿಲ್ಲ, ಮಾಡಿದವನು ನಾನೇ. ಹೊಸ್ತಿಲ ಆಚೆ, ಬಾಗಿಲ ಮರೆಯಲ್ಲಿ ಓನರಮ್ಮ ನಿಂತಿದ್ದರು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವರು ಭಾವನವರ ಜೊತೆ ಮಾತಾಡುತ್ತಿದ್ದುದು ಹಾಗೆಯೇ, ಸೆರಗು ತಲೆಯ ಮೇಲೆಳೆದು, ಮರೆಯಿಂದ. ನೋಡಿ ಹೇಳಿ ಎಂದು ಅವರನ್ನೇ ಕೇಳಿದೆ.

ಅವರು ಅಲ್ಲಿಂದಲೇ ಕತ್ತು ಚಾಚಿ ನೋಡಿದರು.

"ಎಡಗಡೆ ಚೂರು ಉಳ್ಕಂಡೈತೆ."

"ಯಾರ ಎಡ, ಓನರಮ್ಮ?"

ಅವರು ಹೊಸ್ತಿಲು ದಾಟಿ ಜಗಲಿಗೆ ಬಂದರು, ಭಾವನವರ ದವಡೆಯ ಮೇಲೆ, ಕಿವಿಯ ಕೆಳಗೆ, ಒಂದು ಬೆರಳಿಟ್ಟು, "ಇಲ್ಲಿ" ಎಂದರು.